ಅಲ್ಲೆಗ್ರಿ ಬರೆಯದ ತಾರಸ್ವರ

ಹದಿನೇಳನೆಯ ಶತಮಾನದ ಇಟಲಿಯ ರಚನಕಾರ ಗ್ರೆಗೋರಿಯೊ ಅಲ್ಲೆಗ್ರಿಯ ‘ಮಿಸೆರೆರೆ’ ಎಂಬ ಮೇಳಗಾನವನ್ನು ಒಮ್ಮೆ ಕೇಳಿದವರಿಗೆ ಬಹುಮಟ್ಟಿಗೆ ನೆನಪಿನಲ್ಲಿ ಉಳಿಯುವುದು ಒಂದೇ ಜಾಗ: ನಾಲ್ಕು ದನಿಗಳ ಪುಟ್ಟ ಮೇಳದೊಳಗಿಂದ ಬಾಲಕನೊಬ್ಬನ ಕಂಠ ಮೇಲೆದ್ದು, ಪಿಯಾನೊದ ನಡುವಿನ ‘ಸಿ’ಗಿಂತ ಎರಡು ಸ್ಥಾಯಿ ಮೇಲಿನ ‘ಸಿ’ಯನ್ನು ಮುಟ್ಟಿ, ಮೆಲ್ಲಗೆ ಇಳಿದುಬರುತ್ತದೆ. ಆ ಸ್ವರವನ್ನು ಅಲ್ಲೆಗ್ರಿ ಬರೆದೇ ಇರಲಿಲ್ಲ.

ಅಲ್ಲೆಗ್ರಿ 1629ರಿಂದ 1652ರಲ್ಲಿ ತೀರಿಕೊಳ್ಳುವವರೆಗೂ ರೋಮಿನ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಗಾಯಕನಾಗಿದ್ದ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ, ಮೇಣದ ಬತ್ತಿಗಳನ್ನು ಒಂದೊಂದಾಗಿ ಆರಿಸುತ್ತ ನಡೆಸುವ ಆರಾಧನೆಗೆಂದು ಅವನು ಬೈಬಲ್ಲಿನ 51ನೇ ಕೀರ್ತನೆಯ ಲ್ಯಾಟಿನ್ ಪಾಠಕ್ಕೆ ಸ್ವರ ಹಾಕಿದ. ಐದು ದನಿಗಳದೊಂದು ಮೇಳ, ನಾಲ್ಕು ದನಿಗಳದು ಇನ್ನೊಂದು. ಇವೆರಡೂ ಸರದಿಯಲ್ಲಿ ಹಾಡಿದರೆ, ನಡುನಡುವಿನ ಸಾಲುಗಳು ಸರಳ ಪಠಣ ಧಾಟಿಯಲ್ಲಿ ಬರುತ್ತವೆ. ಕಡೆಯಲ್ಲಿ ಒಂಬತ್ತೂ ದನಿಗಳು ಕೂಡಿಕೊಳ್ಳುತ್ತವೆ. ಕಾಗದದ ಮೇಲೆ ನೋಡಿದರೆ ಇದರಲ್ಲಿ ಏನೂ ಇಲ್ಲವೆನ್ನಿಸಬೇಕು, ಅಷ್ಟು ಸರಳ. ಸೊಗಸೆಲ್ಲ ಇದ್ದದ್ದು ಗಾಯಕರು ಪರಂಪರೆಯಿಂದ ಕಲಿತು ಸೇರಿಸುತ್ತಿದ್ದ ಅಲಂಕಾರಗಳಲ್ಲಿ. ಸ್ವರಲಿಪಿಯಲ್ಲಿ ಗಮಕ ಕಾಣುವುದಿಲ್ಲವೆಂಬುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1770ರ ಏಪ್ರಿಲ್‌ನಲ್ಲಿ ಹದಿನಾಲ್ಕರ ಮೊಜಾರ್ಟ್ ಇದನ್ನು ಕೇಳಿ ನೆನಪಿನಿಂದಲೇ ಬರೆದಿಟ್ಟ. ಇದರ ಸ್ವರಲಿಪಿಯನ್ನು ಹೊರಗೆ ಕೊಟ್ಟವರಿಗೆ ಧರ್ಮಬಹಿಷ್ಕಾರದ ಶಿಕ್ಷೆಯಿತ್ತೆಂದು ಅವನ ತಂದೆ ಊರಿಗೆ ಪತ್ರ ಬರೆದ. ಗುಟ್ಟೇನೂ ಅಷ್ಟು ಬಿಗಿಯಾಗಿರಲಿಲ್ಲ, ಪ್ರತಿಗಳು ಆಗಲೇ ಹೊರಗಿದ್ದವು. ಮರುವರ್ಷ ಸಂಗೀತ ಇತಿಹಾಸಕಾರ ಚಾರ್ಲ್ಸ್ ಬರ್ನಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಪಾಠದಲ್ಲಿ ಅಲಂಕಾರಗಳೂ ಇರಲಿಲ್ಲ, ತಾರಸ್ಥಾಯಿಯ ‘ಸಿ’ಯೂ ಇರಲಿಲ್ಲ. ಅಲಂಕಾರಗಳು ಅಚ್ಚಿನಲ್ಲಿ ಬಂದದ್ದು 1840ರಲ್ಲಿ, ಪಾದ್ರಿ ಪಿಯೆತ್ರೊ ಆಲ್ಫಿಯೇರಿಯ ಪ್ರಕಟಣೆಯಲ್ಲಿ.

ಹಾಗಾದರೆ ಆ ‘ಸಿ’ ಬಂದದ್ದೆಲ್ಲಿಂದ? 1831ರಲ್ಲಿ ರೋಮಿನಲ್ಲಿದ್ದ ಜರ್ಮನ್ ರಚನಕಾರ ಮೆಂಡೆಲ್ಸನ್ ತಾನು ಕೇಳಿದ ಒಂದು ಭಾಗವನ್ನು ಬರೆದುಕೊಂಡ. ಆ ಸಲ ಅದನ್ನು ಮೂಲ ಶ್ರುತಿಗಿಂತ ನಾಲ್ಕು ಸ್ವರ ಮೇಲಕ್ಕೆ, ಅಂದರೆ ಷಡ್ಜವನ್ನು ಮಧ್ಯಮದಲ್ಲಿ ಇಟ್ಟಂತೆ, ಹಾಡಿದ್ದರು. 1880ರ ಸುಮಾರಿಗೆ ಗ್ರೋವ್ ಸಂಗೀತ ಕೋಶಕ್ಕೆ ಲೇಖನ ಬರೆದ ರಾಕ್‌ಸ್ಟ್ರೋ ಈ ತುಣುಕನ್ನು ಉದಾಹರಣೆಯಾಗಿ ಕೊಟ್ಟ. ಮುಂದೆ ಅದನ್ನು ಕೆಳಗಿನ ಶ್ರುತಿಯಲ್ಲೇ ಇದ್ದ ಸಾಲಿಗೆ ನೇರ ಹೊಲಿದುಬಿಟ್ಟರು. ಸಾಲಿನ ಮೊದಲರ್ಧ ಒಂದು ಶ್ರುತಿಯಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಹದಿನೇಳನೆಯ ಶತಮಾನದ ಯಾವ ರಚನಕಾರನೂ ಹೀಗೆ ಹಾರುತ್ತಿರಲಿಲ್ಲ.

ಈ ಬೆಸುಗೆಯ ಪಾಠವನ್ನೇ ಐವರ್ ಆಟ್‌ಕಿನ್ಸ್ 1951ರಲ್ಲಿ ಇಂಗ್ಲಿಷ್ ಸಾಹಿತ್ಯದೊಂದಿಗೆ ಹೊರತಂದ. 1963ರಲ್ಲಿ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನ ಮೇಳ ಡೇವಿಡ್ ವಿಲ್‌ಕಾಕ್ಸ್ ನಿರ್ದೇಶನದಲ್ಲಿ ಅದನ್ನು ಧ್ವನಿಮುದ್ರಿಸಿದಾಗ ಹನ್ನೆರಡರ ರಾಯ್ ಗುಡ್‌ಮನ್ ಆ ಸ್ವರವನ್ನು ಎಷ್ಟು ನಿರಾಯಾಸವಾಗಿ ಹಿಡಿದನೆಂದರೆ, ತಪ್ಪೇ ಮೂಲವಾಗಿ ನಿಂತಿತು. ಈಗ ಕೆಲವು ಮೇಳಗಳು ಹಳೆಯ ಅಲಂಕಾರಗಳ ಪಾಠವನ್ನು ಹಾಡುತ್ತವೆ, ನನಗೆ ಅದೇ ಹೆಚ್ಚು ಸೇರುತ್ತದೆ. ಆದರೂ ಆ ಜಾಗ ಬಂದಾಗ ಬಾರದ ‘ಸಿ’ಗೆ ಕಿವಿ ಕಾಯುವುದು ನಿಂತಿಲ್ಲ.