ಬಿಸಿನೀರಿನ ಲೆಕ್ಕವೇ ಬೇರೆ

ನೀರು ಉಳಿಸಿದರೆ ವಿದ್ಯುತ್ತೂ ಉಳಿಯುತ್ತದೆ ಎಂದಾಗ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಪಂಪು. ಮೋಟಾರಿನ ಸದ್ದು ಕಿವಿಗೆ ಬೀಳುತ್ತದಲ್ಲ, ಅದೇ ದೊಡ್ಡ ಖರ್ಚು ಎನಿಸುವುದು ಸಹಜ. ಆದರೆ ಸಾವಿರ ಲೀಟರ್ ನೀರನ್ನು 10 ಮೀಟರ್ ಎತ್ತರದ ಟ್ಯಾಂಕಿಗೆ ಏರಿಸಲು ಬೇಕಾದ ಕನಿಷ್ಠ ಶಕ್ತಿ 0.03 ಯೂನಿಟ್ಟಿಗಿಂತಲೂ ಕಡಿಮೆ. ಪಂಪು, ಕೊಳವೆಗಳಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಇದರ ಎರಡು ಮೂರು ಪಟ್ಟು ಆಗಬಹುದು, ಅಷ್ಟೇ. ಅದೇ ಸಾವಿರ ಲೀಟರನ್ನು ಬರೀ 1 ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು 1.16 ಯೂನಿಟ್ ಬೇಕು!

ಎತ್ತುವ ಕೆಲಸಕ್ಕೂ ಕಾಯಿಸುವ ಕೆಲಸಕ್ಕೂ ಇರುವ ನಂಟನ್ನು 1840ರ ದಶಕದಲ್ಲಿ ಅಳೆದವನು ಇಂಗ್ಲೆಂಡಿನ ಭೌತವಿಜ್ಞಾನಿ ಜೇಮ್ಸ್ ಪ್ರೆಸ್ಕಾಟ್ ಜೂಲ್. ಮೇಲಿನಿಂದ ಇಳಿಯುವ ಭಾರದಿಂದ ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅವನು ನೋಡಿದ. ಇಂದಿನ ಲೆಕ್ಕದ ಪ್ರಕಾರ, ಒಂದು ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡುವ ಶಕ್ತಿಯಲ್ಲಿ ಅದೇ ನೀರನ್ನು ಸುಮಾರು 427 ಮೀಟರ್ ಮೇಲಕ್ಕೆತ್ತಬಹುದು. 25 ಡಿಗ್ರಿಯ ನೀರನ್ನು ಸ್ನಾನಕ್ಕೆಂದು 40 ಡಿಗ್ರಿಗೆ ಕಾಯಿಸಿದರೆ, ಅದನ್ನು 6 ಕಿಲೋಮೀಟರಿಗೂ ಮೇಲೆ ಎತ್ತಿದಷ್ಟು ಶಕ್ತಿ ಖರ್ಚಾಗಿರುತ್ತದೆ. ಮನೆಯೊಳಗಿನ ಭೌತವಿಜ್ಞಾನದಲ್ಲಿ ಇದಕ್ಕಿಂತ ಬೆರಗಿನ ಸಂಖ್ಯೆ ನನಗೆ ಕಂಡಿಲ್ಲ.

ಹಾಗಾಗಿ ಎಲ್ಲ ಲೀಟರುಗಳೂ ಒಂದೇ ಅಲ್ಲ. ನಿಮಿಷಕ್ಕೆ 10 ಲೀಟರ್ ಸುರಿಸುವ ಶವರಿನ ಕೆಳಗೆ ಹತ್ತು ನಿಮಿಷ ನಿಂತರೆ 100 ಲೀಟರ್ ನೀರು, ಅದನ್ನು 15 ಡಿಗ್ರಿ ಬಿಸಿ ಮಾಡಲು ಸುಮಾರು 1.7 ಯೂನಿಟ್. ಅಷ್ಟರಲ್ಲಿ 10 ವಾಟ್‌ನ ಎಲ್‌ಇಡಿ ದೀಪ ಏಳು ದಿನ ಹಗಲೂ ರಾತ್ರಿ ಉರಿಯುತ್ತದೆ. ದೀಪ ಆರಿಸಲು ಮರೆತ ಮಕ್ಕಳನ್ನು ಗದರುವ ನಾವು ಬಿಸಿನೀರಿನ ನಲ್ಲಿಯ ಬಗ್ಗೆ ಮಾತೇ ಆಡುವುದಿಲ್ಲ.

ಕಣ್ಣಿಗೆ ಬೀಳದ ನಷ್ಟವೂ ಒಂದಿದೆ. 15 ಮಿಲಿಮೀಟರ್ ಒಳವ್ಯಾಸದ ಕೊಳವೆಯ ಪ್ರತಿ ಮೀಟರಿನಲ್ಲಿ ಸುಮಾರು 180 ಮಿಲಿಲೀಟರ್ ನೀರು ನಿಂತಿರುತ್ತದೆ. ಗೀಸರ್ 10 ಮೀಟರ್ ದೂರದಲ್ಲಿದ್ದರೆ, ಬಿಸಿನೀರು ಬರುವ ಮೊದಲು ಎರಡು ಲೀಟರಿನ ಹತ್ತಿರ ತಣ್ಣೀರು ಹರಿದುಹೋಗುತ್ತದೆ. ನಲ್ಲಿ ನಿಲ್ಲಿಸಿದ ಮೇಲೆ ಅಷ್ಟೇ ಬಿಸಿನೀರು ಕೊಳವೆಯಲ್ಲಿ ಉಳಿದು ತಣ್ಣಗಾಗುತ್ತದೆ. ಒಂದು ಪಾತ್ರೆ ತೊಳೆಯಲು ಬಿಸಿನೀರಿನ ನಲ್ಲಿ ತಿರುಗಿಸಿದರೂ ಇದೇ ಕಥೆ. ಬಟ್ಟೆ ಒಗೆಯುವ ಯಂತ್ರದಲ್ಲೂ ಬಿಸಿನೀರು ಆಯ್ದುಕೊಂಡರೆ ವಿದ್ಯುತ್ತಿನ ಹೆಚ್ಚಿನ ಪಾಲು ಹೋಗುವುದು ನೀರು ಕಾಯಿಸುವುದಕ್ಕೆ, ಡ್ರಮ್ ತಿರುಗಿಸುವುದಕ್ಕಲ್ಲ.

ಹಾಗೆಂದು ತಣ್ಣೀರು ಚೆಲ್ಲಬಹುದು ಎಂದಲ್ಲ. ಸಮುದ್ರದ ನೀರನ್ನು ಸಿಹಿ ಮಾಡುವ ಕಡೆ ಸಾವಿರ ಲೀಟರಿಗೆ 3ರಿಂದ 4 ಯೂನಿಟ್ ಬೇಕಾಗುತ್ತದೆ. ಬಚ್ಚಲಿನಿಂದ ಹೊರಹೋದ ನೀರಿನ ಖರ್ಚೂ ಅಲ್ಲಿಗೆ ಮುಗಿಯುವುದಿಲ್ಲ. ಶುದ್ಧೀಕರಣ ಘಟಕದಲ್ಲಿ ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಸಿಗಲೆಂದು ಅದರೊಳಗೆ ಗಾಳಿ ಊದುತ್ತಲೇ ಇರಬೇಕು.

ಈ ನಂಟು ಎದುರು ದಿಕ್ಕಿನಲ್ಲೂ ಇದೆ. ಬಿಸಿಯಾದ ನೀರನ್ನು ತಣಿಸುವ ತಂಪುಗೋಪುರಗಳಿರುವ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಒಂದು ಯೂನಿಟ್ ವಿದ್ಯುತ್ ಹುಟ್ಟುವಷ್ಟರಲ್ಲಿ ಸುಮಾರು ಎರಡು ಲೀಟರ್ ನೀರು ಆವಿಯಾಗಿ ಹೋಗುತ್ತದೆ. ನಿಮ್ಮ ಗೀಸರಿಗೆ ವಿದ್ಯುತ್ ಬರುವುದು ಅಂಥ ಸ್ಥಾವರದಿಂದಾದರೆ, ಆ ಶವರನ್ನು ಐದು ನಿಮಿಷ ಮೊದಲೇ ನಿಲ್ಲಿಸಿದಾಗ ಬಚ್ಚಲಿನಲ್ಲಿ 50 ಲೀಟರ್ ಉಳಿಯುತ್ತದೆ, ಸ್ಥಾವರದಲ್ಲಿ ಇನ್ನೂ ಒಂದೂವರೆ ಲೀಟರಿಗಿಂತ ಹೆಚ್ಚು.