ತಾರಾ ಗೋಲ್‌ಕೀಪರ್‌ನ ಬೆಲೆ: ಡಾಲರ್‌ಗಿಂತ ಭಾರವಾಗುವ ವರ್ಷಗಳು

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ, ಬೇರೆ ತಂಡದ ತಾರಾ ಗೋಲ್‌ಕೀಪರ್‌ನನ್ನು ವಿನಿಮಯದಲ್ಲಿ ತರಬೇಕೇ ಎಂಬ ಪ್ರಶ್ನೆ ಒಂದು ಕಾಲಕ್ಕೆ ಇಷ್ಟು ಜಟಿಲವಾಗಿರಲಿಲ್ಲ. 1995ರ ಡಿಸೆಂಬರ್ 2ರಂದು ಮಾಂಟ್ರಿಯಲ್ ತಂಡ ಡೆಟ್ರಾಯಿಟ್‌ಗೆ 11-1ರಿಂದ ಸೋತಿತು. ಒಂಬತ್ತು ಗೋಲುಗಳಾಗುವವರೆಗೂ ಕಣದಲ್ಲೇ ಉಳಿಸಲ್ಪಟ್ಟಿದ್ದ ಮಾಂಟ್ರಿಯಲ್‌ನ ಗೋಲ್‌ಕೀಪರ್ ಪ್ಯಾಟ್ರಿಕ್ ರುವಾ, ಈ ತಂಡಕ್ಕೆ ತಾನು ಆಡುವುದು ಇದೇ ಕೊನೆ ಎಂದು ಕ್ಲಬ್‌ನ ಅಧ್ಯಕ್ಷರಿಗೆ ಅಲ್ಲೇ ಹೇಳಿದರು. ನಾಲ್ಕು ದಿನಗಳ ನಂತರ ಮೂವರು ಆಟಗಾರರನ್ನು ಕೊಟ್ಟು ಅವರನ್ನೂ ನಾಯಕ ಮೈಕ್ ಕೀನ್ ಅವರನ್ನೂ ಪಡೆದ ಕೊಲರಾಡೊ, ಮುಂದಿನ ಜೂನ್‌ನಲ್ಲೇ ಲೀಗ್‌ನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಮಾಲೀಕನ ಜೇಬು ದೊಡ್ಡದಿದ್ದರೆ ಸಾಕು ಎಂಬ ಕಾಲವದು.

ಮಾಲೀಕರಿಗೂ ಆಟಗಾರರಿಗೂ ನಡುವೆ ನಡೆದು ಇಡೀ ಒಂದು ಋತುವನ್ನೇ ನುಂಗಿದ ವಿವಾದದ ನಂತರ, 2005-06ರಲ್ಲಿ ಪ್ರತಿ ತಂಡವೂ ತನ್ನ ಆಟಗಾರರಿಗೆಲ್ಲ ಸೇರಿ ಕೊಡಬಹುದಾದ ಸಂಬಳಕ್ಕೆ 3.9 ಕೋಟಿ ಡಾಲರ್‌ಗಳ ವೇತನ ಮಿತಿ ಬಂತು. ಅಲ್ಲಿಂದ ಮುಂದೆ ಗೋಲ್‌ಕೀಪರ್‌ಗೆ ಕೊಟ್ಟ ಹಣ ಎಂದರೆ ರಕ್ಷಣೆಗೋ ದಾಳಿಗೋ ಸಿಗದೆ ಹೋದ ಹಣ.

ಈ ಮಿತಿಯನ್ನು ದಾಟಲು ಕ್ಲಬ್‌ಗಳು ಕಂಡುಕೊಂಡ ಉಪಾಯವೇ ಅವುಗಳಿಗೆ ಉರುಳಾಯಿತು. 2006ರಲ್ಲಿ ಫ್ಲೋರಿಡಾದಿಂದ ರೊಬರ್ಟೊ ಲುವಾಂಗೊ ಅವರನ್ನು ತಂದ ವ್ಯಾಂಕೂವರ್, 2009ರಲ್ಲಿ ಅವರೊಂದಿಗೆ 12 ವರ್ಷಗಳ, 6.4 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಮೊದಲ ವರ್ಷಗಳಲ್ಲಿ ಹೆಚ್ಚು ಸಂಬಳ, ನಲವತ್ತು ದಾಟಿದ ಮೇಲೆ ತೀರಾ ಕಡಿಮೆ; ಮಿತಿಯ ಲೆಕ್ಕಕ್ಕೆ ಮಾತ್ರ ವಾರ್ಷಿಕ ಸರಾಸರಿ, ಅಂದರೆ ಸುಮಾರು 53 ಲಕ್ಷ. ಜಾಣತನವೇ ಸರಿ. ಆದರೆ 2011ರ ಫೈನಲ್‌ನ ಏಳನೇ ಪಂದ್ಯದಲ್ಲಿ ತಂಡ ಬಾಸ್ಟನ್‌ಗೆ ಸೋತು, ಯುವ ಗೋಲ್‌ಕೀಪರ್ ಕೋರಿ ಶ್ನೈಡರ್ ಮುಂದೆ ಬಂದಾಗ, ಆ ದೀರ್ಘ ಒಪ್ಪಂದವನ್ನು ಹೊತ್ತುಕೊಳ್ಳುವ ಕ್ಲಬ್ ಸಿಗಲಿಲ್ಲ. ತನ್ನ ಒಪ್ಪಂದವೇ ಅಡ್ಡಿಯಾಗಿದೆ ಎಂದು 2013ರಲ್ಲಿ ಲುವಾಂಗೊ ಅವರೇ ಪತ್ರಕರ್ತರ ಮುಂದೆ ಒಪ್ಪಿಕೊಂಡರು. ಕೊನೆಗೆ ಮಾರಾಟವಾದವರು ಶ್ನೈಡರ್. ಮರುವರ್ಷ ಲುವಾಂಗೊ ಕೂಡ ಫ್ಲೋರಿಡಾಕ್ಕೆ ಮರಳಿದರು, ಅದೂ ಅವರ ಸಂಬಳದ ಒಂದು ಪಾಲನ್ನು ವ್ಯಾಂಕೂವರ್ ತಾನೇ ಹೊತ್ತ ಮೇಲೆ. ಅಷ್ಟರಲ್ಲಿ ಲೀಗ್ ಇಂಥ ಒಪ್ಪಂದಗಳಿಗೆ ಪೂರ್ವಾನ್ವಯವಾಗುವ ದಂಡವನ್ನು ಜಾರಿಗೆ ತಂದಿತ್ತು. 2019ರಲ್ಲಿ ಅವರು ನಿವೃತ್ತರಾದಾಗ, ತನ್ನಲ್ಲಿಲ್ಲದ ಆಟಗಾರನಿಗಾಗಿ ವ್ಯಾಂಕೂವರ್‌ನ ಮಿತಿಯಿಂದ ಮೂರು ಋತುಗಳ ಕಾಲ ವರ್ಷಕ್ಕೆ ಸುಮಾರು 30 ಲಕ್ಷ ಡಾಲರ್ ಕಡಿತವಾಯಿತು.

ಈ ಪಾಠ ಎಷ್ಟು ಆಳಕ್ಕೆ ಇಳಿದಿತ್ತೆಂಬುದು 2021ರಲ್ಲಿ ಗೊತ್ತಾಯಿತು. ಮಾಂಟ್ರಿಯಲ್ ಅನ್ನು ಆಗಷ್ಟೇ ಫೈನಲ್‌ಗೆ ಒಯ್ದಿದ್ದ ಕ್ಯಾರಿ ಪ್ರೈಸ್, ಇತರ ತಂಡಗಳಿಂದ ಆಟಗಾರರನ್ನು ಆರಿಸಿಕೊಳ್ಳಲಿದ್ದ ಹೊಸ ತಂಡ ಸಿಯಾಟಲ್‌ಗೆ ಯಾವ ವಿನಿಮಯವೂ ಇಲ್ಲದೆ ಸಿಗುವಂತಿದ್ದರು; ಜೊತೆಗೆ ವರ್ಷಕ್ಕೆ 1.05 ಕೋಟಿ ಡಾಲರ್‌ಗಳಂತೆ ಇನ್ನೂ ಐದು ವರ್ಷ ಬಾಕಿಯಿತ್ತು. ಸಿಯಾಟಲ್ ಬೇಡವೆಂದಿತು. ಗಾಯಾಳಾಗಿದ್ದ ಪ್ರೈಸ್ ಆ ಬಳಿಕ ಆಡಿದ್ದು ಐದೇ ಪಂದ್ಯ.

ಹಾಗೆಂದು ದುಬಾರಿ ಗೋಲ್‌ಕೀಪರ್ ಎಂದರೆ ನಷ್ಟವೇ ಎನ್ನಲಾಗದು. 2019ರಲ್ಲಿ ಏಳು ವರ್ಷಕ್ಕೆ 7 ಕೋಟಿ ಡಾಲರ್ ಕೊಟ್ಟು ಸೆರ್ಗೈ ಬಾಬ್ರೊವ್‌ಸ್ಕಿ ಅವರನ್ನು ಸೇರಿಸಿಕೊಂಡ ಫ್ಲೋರಿಡಾ ಮೊದಲ ಋತುಗಳಲ್ಲಿ ಟೀಕೆಗೆ ಗುರಿಯಾದರೂ, 2024 ಮತ್ತು 2025ರಲ್ಲಿ ಕಪ್ ಗೆದ್ದಿತು. ಇವೆರಡಕ್ಕೂ ಮುಂಚೆ, 2023ರಲ್ಲಿ ಅದೇ ಫ್ಲೋರಿಡಾವನ್ನು ಫೈನಲ್‌ನಲ್ಲಿ ಮಣಿಸಿದ ವೇಗಾಸ್‌ನ ಗೋಲಿನ ಮುಂದೆ ನಿಂತಿದ್ದವರು ಏಡಿನ್ ಹಿಲ್: ವರ್ಷಕ್ಕೆ ಸುಮಾರು 22 ಲಕ್ಷ ಡಾಲರ್‌ಗಳ ಆಟಗಾರ, ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ನಾಲ್ಕನೇ ಸುತ್ತಿನ ಒಂದು ಆಯ್ಕೆಯನ್ನು ಬಿಟ್ಟುಕೊಟ್ಟು ತಂದವರು.