ಪೂರ್ತಿ ಕತ್ತಲು ಮಾಡಿದ್ರೂ ಟೆನ್ಷನ್ ಯಾಕೆ ಬರ್ತಿಲ್ಲ?

ಪ್ರಶ್ನೆ: ನಾವು ಫ್ರೆಂಡ್ಸ್ ಸೇರ್ಕೊಂಡು ಒಂದು ಥ್ರಿಲ್ಲರ್ ಶಾರ್ಟ್ ಫಿಲ್ಮ್ ಮಾಡ್ತಿದೀವಿ. ಮೊದಲ ಎರಡು ನಿಮಿಷ ಫುಲ್ ಡಾರ್ಕ್ ಆಗಿ ಶೂಟ್ ಮಾಡಿದ್ವಿ, ಕ್ಯಾಮೆರಾನೂ ಶೇಕ್ ಮಾಡಿದ್ವಿ, ಬಿಜಿಎಂ ಕೂಡ ಹಾಕಿದ್ವಿ. ಆದ್ರೆ ನೋಡಿದೋರೆಲ್ಲ "ಏನೂ ಕಾಣಿಸ್ತಿಲ್ಲ" ಅಂತಾರೆ ಅಷ್ಟೇ, ಯಾರಿಗೂ ಟೆನ್ಷನ್ ಆಗ್ತಿಲ್ಲ. ಎಲ್ಲಿ ತಪ್ಪಾಗಿದೆ?

ಉತ್ತರ: ನಿಮ್ಮ ಪ್ರಶ್ನೆ ಒಳಗೇ ಉತ್ತರ ಕೂತಿದೆ ನೋಡಿ. "ಏನೂ ಕಾಣಿಸ್ತಿಲ್ಲ" ಅಂದ್ರಲ್ಲ, ಅದೇ ತಪ್ಪು. ಏನೂ ಕಾಣದಿದ್ರೆ ಜನಕ್ಕೆ ದಿಗಿಲಾಗಲ್ಲ, ಬೋರಾಗುತ್ತೆ, ಬ್ರೈಟ್‌ನೆಸ್ ಜಾಸ್ತಿ ಮಾಡ್ಕೊಂಡು ನೋಡ್ತಾರೆ, ಆಮೇಲೆ ಬಿಟ್ಟುಬಿಡ್ತಾರೆ. ಅರ್ಧ ಕಾಣಬೇಕು, ಇನ್ನರ್ಧದಲ್ಲಿ ಏನೋ ಇದೆ ಅನ್ನೋ ಅನುಮಾನ ಹುಟ್ಟಬೇಕು, ಆ ಅನುಮಾನ ಹುಟ್ಟಿಸೋ ಕೆಲಸ ಕತ್ತಲಿಂದ ಆಗಲ್ಲ, ಇರೋ ಸ್ವಲ್ಪ ಬೆಳಕಿಂದ ಆಗುತ್ತೆ.

ಬೆಳಕು ಕತ್ತಲು ಎಲ್ಲ ಆಮೇಲೆ, ಮೊದಲು ನೋಡೋರಿಗೆ ಏನು ಗೊತ್ತಿದೆ ಅನ್ನೋದು ಮುಖ್ಯ. ಥ್ರಿಲ್ಲರ್ ಸಿನಿಮಾಗಳ ಡೈರೆಕ್ಟರ್ ಹಿಚ್‌ಕಾಕ್ ಹೇಳಿದ್ದ ಟೇಬಲ್ ಕೆಳಗಿನ ಬಾಂಬ್ ಉದಾಹರಣೆ ನೀವು ಕೇಳಿರ್ತೀರ. ಇಬ್ಬರು ಕೂತು ಏನೋ ಮಾತಾಡ್ತಿದಾರೆ, ಇದ್ದಕ್ಕಿದ್ದಂಗೆ ಬಾಂಬ್ ಸಿಡಿಯುತ್ತೆ, ನೋಡೋರು ಬೆಚ್ಚಿಬೀಳ್ತಾರೆ, ಅಲ್ಲಿಗೆ ಮುಗೀತು, ಕೆಲವು ಸೆಕೆಂಡಿನ ಆಟ. ಅದೇ ಬಾಂಬನ್ನ ಮೊದಲೇ ನಮಗೆ ತೋರಿಸಿ ಆಮೇಲೆ ಅವರಿಬ್ಬರನ್ನ ಮಾತಾಡೋಕೆ ಬಿಟ್ರೆ, ಅವರ ಒಂದೊಂದು ಹರಟೆ ಮಾತಿಗೂ ನಮಗೆ ಹೊಟ್ಟೇಲಿ ಸಂಕಟ ಆಗುತ್ತೆ.

ಇದನ್ನ ಕ್ಯಾಮೆರಾದಲ್ಲಿ ಹೇಗೆ ಮಾಡೋದು ಅಂತ ನೋಡಬೇಕಾದ್ರೆ 1958ರ 'ಟಚ್ ಆಫ್ ಈವಿಲ್' ಸಿನಿಮಾದ ಮೊದಲ ಶಾಟ್ ಸಾಕು, ಆರ್ಸನ್ ವೆಲ್ಸ್ ಡೈರೆಕ್ಷನ್. ಒಂದು ಕೈ ಬಾಂಬಿಗೆ ಟೈಮ್ ಸೆಟ್ ಮಾಡುತ್ತೆ, ಕಾರಿನ ಡಿಕ್ಕಿಗೆ ಹಾಕುತ್ತೆ, ಒಂದು ಜೋಡಿ ಬಂದು ಆ ಕಾರು ಹತ್ತಿ ಹೊರಡುತ್ತೆ. ಅಲ್ಲಿಂದ ಕ್ಯಾಮೆರಾ ಕ್ರೇನ್ ಮೇಲೆ ಏರಿ ಬೀದಿಬೀದಿ ಹಿಂದೆ ಹೋಗುತ್ತೆ, ಮೂರು ನಿಮಿಷಕ್ಕೂ ಜಾಸ್ತಿ ಹೊತ್ತು ಒಂದೂ ಕಟ್ ಇಲ್ಲ. ಮಧ್ಯೆ ಇನ್ನೊಂದು ಜೋಡಿ ನಡ್ಕೊಂಡು ಬರ್ತಾರೆ, ಕಾರು ಅವರ ಪಕ್ಕಕ್ಕೆ ಬರುತ್ತೆ, ಫ್ರೇಮಿಂದ ಆಚೆ ಹೋಗುತ್ತೆ, ಮತ್ತೆ ಬರುತ್ತೆ. ಕಾರು ಕಾಣದೇ ಇದ್ದಾಗಲೂ ತಲೇಲಿ ಟಿಕ್ ಟಿಕ್ ನಿಲ್ಲಲ್ಲ. ಆ ಬೀದಿ ಕತ್ತಲಾಗೇನೂ ಇಲ್ಲ, ಅದನ್ನ ಗಮನಿಸಿ. ರಾತ್ರಿ ಹೌದು, ಆದ್ರೆ ದೀಪ ಇದೆ, ಜನ ಇದಾರೆ, ಎಲ್ಲ ಚೆನ್ನಾಗೇ ಕಾಣುತ್ತೆ. ಕಟ್ ಇಲ್ಲದೇ ಇರೋದ್ರಿಂದ ಪರದೆ ಮೇಲಿನ ಟೈಮೂ ಬಾಂಬಿನ ಟೈಮೂ ಒಂದೇ ಆಗಿಬಿಡುತ್ತೆ, ತಪ್ಪಿಸ್ಕೊಳ್ಳೋಕೆ ದಾರಿನೇ ಇರಲ್ಲ.

ಹಾಗಂತ ನೀವೂ ಮೂರು ನಿಮಿಷದ ಲಾಂಗ್ ಟೇಕ್ ಮಾಡೋಕೆ ಹೋಗ್ಬೇಡಿ. ನಿಮ್ಮ ಎರಡು ನಿಮಿಷದಲ್ಲಿ ಆ ಬಾಂಬಿನ ಜಾಗದಲ್ಲಿ ಏನಿದೆ ಅಂತ ಮಾತ್ರ ಕೇಳ್ಕೊಳಿ. ಲಾಕ್ ಆಗಿರಬೇಕಾದ ಬಾಗಿಲು ಸ್ವಲ್ಪ ತೆರೆದಿದೆ, ಒಬ್ಬಳೇ ಇರೋ ಮನೇಲಿ ಎರಡು ಟೀ ಕಪ್ ಇದೆ, ಇಂಥ ಒಂದು ಸಣ್ಣ ವಿಷಯ ಸಾಕು. ಅದು ಚೆನ್ನಾಗಿ ಕಾಣೋ ಹಾಗೆ ಲೈಟ್ ಮಾಡಿ, ಆಮೇಲೆ ಪಾತ್ರ ಅದನ್ನ ನೋಡದೇ ಮುಂದೆ ಹೋಗಲಿ.

ಈಗ ಲೈಟಿಂಗ್. ಮುಖದ ಮೇಲೆ ಬೀಳೋ ಮುಖ್ಯ ಬೆಳಕು ಕೀ ಲೈಟ್, ಅದರಿಂದಾಗೋ ನೆರಳನ್ನ ತಿಳಿ ಮಾಡೋದು ಫಿಲ್ ಲೈಟ್. ಇವೆರಡರ ಮಧ್ಯೆ ಇರೋ ವ್ಯತ್ಯಾಸದಲ್ಲೇ ಮೂಡ್ ಎಲ್ಲ ಇರೋದು. ಬೆಳಕಿರೋ ಕಡೆ ನೆರಳಿನ ಕಡೆಗಿಂತ ಎರಡು ಪಟ್ಟು ಇದ್ರೆ ಮುಖ ನಾರ್ಮಲ್ಲಾಗಿ, ಹಿತವಾಗಿ ಕಾಣುತ್ತೆ. ಎಂಟು ಪಟ್ಟು ಮಾಡಿ, ಅಂದ್ರೆ 3 ಸ್ಟಾಪ್ ವ್ಯತ್ಯಾಸ (ಒಂದೊಂದು ಸ್ಟಾಪಿಗೂ ಬೆಳಕು ಡಬಲ್ ಆಗುತ್ತೆ ಅಲ್ವಾ), ಆಗ ಅದೇ ಮುಖದ ಒಂದು ಭಾಗ ಮುಳುಗಿದ ಹಾಗಾಗುತ್ತೆ, ಆ ಮನುಷ್ಯನನ್ನ ನಂಬಬೇಕೋ ಬೇಡ್ವೋ ಗೊತ್ತಾಗಲ್ಲ. ತುಂಬ ಜನ ಇದಕ್ಕೆ ಹೊಸ ಲೈಟ್ ತರೋಕೆ ಓಡ್ತಾರೆ, ಬೇಕಿರೋದು ಅದಲ್ಲ, ಬಿಳಿ ಗೋಡೆ ಇರೋ ರೂಮಲ್ಲಿ ಬೆಳಕು ಗೋಡೆಗೆ ಬಡಿದು ವಾಪಸ್ ಬಂದು ನೆರಳನ್ನೆಲ್ಲ ತಿಂದುಹಾಕ್ತಿರುತ್ತೆ, ಹಾಗಾಗಿ ಮುಖದ ಇನ್ನೊಂದು ಪಕ್ಕಕ್ಕೆ ಕ್ಯಾಮೆರಾಗೆ ಕಾಣದ ಹಾಗೆ ಒಂದು ದಪ್ಪ ಕಪ್ಪು ಬಟ್ಟೆ ಹಿಡಿರಿ, ನೆರಳು ತಾನಾಗೇ ಗಟ್ಟಿ ಆಗುತ್ತೆ. ಲೈಟನ್ನ ಮುಖದ ಹತ್ರ ತಂದ್ರೂ ಉಪಯೋಗ ಇದೆ, ದೂರ ಎರಡು ಪಟ್ಟಾದ್ರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ, ಹಾಗಾಗಿ ಹತ್ತಿರದ ಮುಖಕ್ಕೆ ಸಾಕಷ್ಟು ಬೆಳಕು ಸಿಕ್ಕಿ ಹಿಂದಿನ ಗೋಡೆ ಕತ್ತಲಿಗೆ ಜಾರುತ್ತೆ.

ಫೋನಲ್ಲಿ ಶೂಟ್ ಮಾಡ್ತಿದ್ರೆ ಎಕ್ಸ್‌ಪೋಷರ್ ಲಾಕ್ ಮಾಡಿ (ಅಂದ್ರೆ ಚಿತ್ರ ಎಷ್ಟು ಬೆಳಕಾಗಿರಬೇಕು ಅನ್ನೋದನ್ನ ಫೋನ್ ತಾನಾಗೇ ಬದಲಾಯಿಸದ ಹಾಗೆ), ದಯವಿಟ್ಟು. ನಾನು ಮೊದಲ ಸಲ ಎಲ್ಲ ಲೈಟ್ ಆಫ್ ಮಾಡಿ ಕ್ಯಾಮೆರಾನ ಆಟೋ ಮೋಡಲ್ಲೇ ಬಿಟ್ಟು ಶೂಟ್ ಮಾಡಿದ್ದೆ, ದೊಡ್ಡ ಸ್ಕ್ರೀನಲ್ಲಿ ಹಾಕಿ ನೋಡಿದ್ರೆ ಕತ್ತಲೆಲ್ಲ ಬೂದು ಬಣ್ಣ, ಅದರ ತುಂಬ ಇರುವೆ ಹರಿದಾಡ್ತಿರೋ ಹಾಗೆ ಗ್ರೇನ್. ಕತ್ತಲಿದೆ ಅಂತ ಕ್ಯಾಮೆರಾ ತಾನೇ ಐಎಸ್‌ಒ, ಅಂದ್ರೆ ಬೆಳಕಿಗೆ ತನ್ನ ಸೂಕ್ಷ್ಮತೆ, ಏರಿಸಿತ್ತು. ಸ್ವಲ್ಪ ಬೆಳಕಾಗೇ ಶೂಟ್ ಮಾಡಿ ಆಮೇಲೆ ಕಲರ್ ಗ್ರೇಡಿಂಗಲ್ಲಿ (ಎಡಿಟಿಂಗ್ ಟೈಮಲ್ಲಿ ಬಣ್ಣ, ಬೆಳಕು ಸರಿ ಮಾಡೋ ಕೆಲಸ) ಇಳಿಸೋದು ಎಷ್ಟೋ ಮೇಲು. ಮತ್ತೆ ಫ್ರೇಮಲ್ಲಿ ಎಲ್ಲಾದ್ರೂ ಒಂದು ಕಡೆ ನಿಜವಾಗಿ ಬೆಳಗ್ತಿರೋದು ಏನಾದ್ರೂ ಇರಲಿ, ಟೇಬಲ್ ಲ್ಯಾಂಪೋ ಕಿಟಕಿಯೋ ಫೋನ್ ಸ್ಕ್ರೀನೋ. ಅದು ಪಕ್ಕದಲ್ಲಿದ್ರೇನೇ ಕಪ್ಪು ಕಪ್ಪಾಗಿ ಕಾಣೋದು, ಇಲ್ಲಾಂದ್ರೆ ಬರೀ ಮಂಕು.

ಇನ್ನೊಂದು ವಿಷಯ, ನನಗೆ ತುಂಬ ಇಷ್ಟದ್ದು. ಶಾಟ್ ನಡೀತಿರೋವಾಗಲೇ ಬೆಳಕು ಬದಲಾಗಬೇಕು. ಬಾಗಿಲ ಕೆಳಗಿನ ಸಂದಿಯಲ್ಲಿ ಒಂದು ಗೆರೆ ಬೆಳಕಿದೆ, ಆ ಗೆರೆಯನ್ನ ಎರಡು ಕಾಲಿನ ನೆರಳು ಅಡ್ಡ ಬಂದು ನಿಲ್ಲುತ್ತೆ. ಮುಗೀತು, ಯಾರನ್ನೂ ತೋರಿಸಿಲ್ಲ, ಆದ್ರೂ ಯಾರೋ ನಿಂತಿದಾರೆ ಅಂತ ಎಲ್ಲರಿಗೂ ಗೊತ್ತಾಯ್ತು. ಎದುರು ಮನೆ ಕಿಟಕಿಯ ದೀಪ ಆರೋದು, ಕಾರಿನ ಹೆಡ್‌ಲೈಟ್ ಗೋಡೆ ಮೇಲೆ ಹಾದುಹೋಗದೆ ಅಲ್ಲೇ ನಿಂತುಬಿಡೋದು, ಇವೂ ಅದೇ ಜಾತಿ. ದೀಪ ತಾನಾಗೇ ಆರಲ್ಲ, ಅದರ ಹಿಂದೆ ಒಂದು ಕೈ ಇರಬೇಕು ಅಂತ ನಮ್ಮ ತಲೆನೇ ಲೆಕ್ಕ ಹಾಕುತ್ತೆ. ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನ ಬಿಳಿ ಅಂತ ತಗೋಬೇಕು ಅನ್ನೋ ಸೆಟ್ಟಿಂಗ್) 3200 ಕೆಲ್ವಿನ್‌ಗೆ ಇಟ್ರೆ ಹೊರಗಿನ ಹಗಲು ಬೆಳಕು ನೀಲಿಯಾಗಿ ಬೀಳುತ್ತೆ, ರಾತ್ರಿ ಫೀಲ್ ಸಿಗುತ್ತೆ, ಅಷ್ಟು ಸಾಕು.

ಇನ್ನು ಕ್ಯಾಮೆರಾ. ಶೇಕ್ ಮಾಡಿದ್ವಿ ಅಂದ್ರಲ್ಲ, ನನ್ನ ಪ್ರಕಾರ ಅದು ಓಡೋ ಸೀನಿಗೆ ಸರಿ, ಕಾಯಿಸೋ ಸೀನಿಗಲ್ಲ. ಕ್ಯಾಮೆರಾ ಅಲ್ಲಾಡಿದಷ್ಟೂ ನೋಡೋರಿಗೆ ಹುಡುಕೋಕೆ ಪುರುಸೊತ್ತು ಸಿಗಲ್ಲ. ಟ್ರೈಪಾಡ್ ಮೇಲಿಟ್ಟು ರೂಮೆಲ್ಲ ಕಾಣೋ ಹಾಗೆ ಒಂದು ವೈಡ್ ಶಾಟ್ ಇಡಿ, ಪಾತ್ರವನ್ನ ಫ್ರೇಮಿನ ಒಂದು ಮೂಲೆಗೆ ಕೂರಿಸಿ, ಬೆನ್ನ ಹಿಂದೆ ತೆರೆದ ಬಾಗಿಲು, ಅದರಾಚೆ ಕತ್ತಲು. ಬೇಕಾದ್ದಕ್ಕಿಂತ ಮೂರು ನಾಲ್ಕು ಸೆಕೆಂಡ್ ಜಾಸ್ತಿ ಬಿಡಿ. ಪಾತ್ರದ ಮುಖ ಬಿಟ್ಟು ಆ ಬಾಗಿಲನ್ನ ನೋಡೋಕೆ ಶುರು ಮಾಡ್ತಾರೆ ಜನ, ಇಷ್ಟು ಖಾಲಿ ಜಾಗ ಸುಮ್ನೆ ಯಾಕೆ ಬಿಟ್ಟಿದಾರೆ ಅಂತ. ಅಲ್ಲಿಂದ ಏನೂ ಬರದೇ ಇದ್ರೂ ಪರವಾಗಿಲ್ಲ, ಮೊದಲ ಸಲ ಬರದೇ ಇದ್ರೇನೇ ಒಳ್ಳೇದು.

ಕ್ಯಾಮೆರಾ ಯಾರ ಕಣ್ಣು ಅನ್ನೋದನ್ನೂ ಒಂದ್ಸಲ ಯೋಚಿಸಿ. ಕ್ಯಾಮೆರಾನ ದೂರ ಇಟ್ಟು 100 ಎಂಎಂ ಆಸುಪಾಸಿನ, ದೂರದ್ದನ್ನ ಹತ್ರ ತೋರಿಸೋ ಲೆನ್ಸಲ್ಲಿ, ಮುಂದೆ ಎಲೆಯೋ ಕಂಬಿಯೋ ಮಸುಕಾಗಿ ಅಡ್ಡ ಬರೋ ಹಾಗೆ ತೆಗೆದ್ರೆ ಯಾರೋ ಕದ್ದು ನೋಡ್ತಿರೋ ಹಾಗೆ ಅನ್ಸುತ್ತೆ, ಅದೇ ವ್ಯಕ್ತಿಯನ್ನ 24 ಎಂಎಂ ವೈಡ್ ಲೆನ್ಸಲ್ಲಿ ಹತ್ತಿರದಿಂದ ತೆಗೆದ್ರೆ ನಾವೂ ಆ ರೂಮಲ್ಲೇ ಸಿಕ್ಕಿಹಾಕ್ಕೊಂಡ ಹಾಗೆ. 1975ರ 'ಜಾಸ್' ಓಪನಿಂಗಲ್ಲಿ ಈಜ್ತಿರೋ ಹುಡುಗಿಯನ್ನ ನೀರಿನ ಕೆಳಗಿಂದ ತೋರಿಸ್ತಾರೆ, ಶಾರ್ಕ್ ಕಾಣಿಸೋದೇ ಇಲ್ಲ, ಕ್ಯಾಮೆರಾನೇ ಶಾರ್ಕ್. ಓರೆ ಫ್ರೇಮ್ ಮಾತ್ರ ಪದೇ ಪದೇ ಬಳಸ್ಬೇಡಿ, ಎರಡನೇ ಸಲಕ್ಕೆ ಟ್ರೈಪಾಡ್ ಕಾಲು ಮುರಿದಿದೆ ಅನ್ಸುತ್ತೆ. ಕಪ್ಪು ಗ್ಲೌಸ್ ಹಾಕಿರೋ ಕೈಗಳ ಕ್ಲೋಸಪ್ಪೂ ಅಷ್ಟೇ, ಸವೆದು ಹೋಗಿದೆ.

ಇಷ್ಟರಲ್ಲಿ ಒಂದೇ ಒಂದು ಟ್ರೈ ಮಾಡೋದಾದ್ರೆ ಇದನ್ನ ಮಾಡಿ: ಪಾತ್ರ ತಲೆ ಎತ್ತಿ ಏನನ್ನೋ ನೋಡುತ್ತೆ, ಮುಖ ಬದಲಾಗುತ್ತೆ. ಎಡಿಟಿಂಗಲ್ಲಿ ಎಲ್ಲರೂ ಮುಂದಿನ ಶಾಟಲ್ಲಿ ಅದೇನು ಅಂತ ತೋರಿಸಿಬಿಡ್ತಾರೆ. ನೀವು ತೋರಿಸ್ಬೇಡಿ. ಮುಖದ ಮೇಲೇ ಇರಿ, ಬೇಕಾದ್ರೆ ಕ್ಯಾಮೆರಾ ನಿಧಾನಕ್ಕೆ, ಚಲಿಸ್ತಿದೆ ಅಂತಲೇ ಗೊತ್ತಾಗದಷ್ಟು ನಿಧಾನಕ್ಕೆ, ಮುಖದ ಹತ್ರ ಹೋಗಲಿ. ಕಣ್ಣಲ್ಲಿ ಒಂದು ಚುಕ್ಕಿ ಬೆಳಕು ಹೊಳೀತಿರಲಿ, ಅದಿಲ್ಲಾಂದ್ರೆ ಎಂಥ ಒಳ್ಳೆ ಆ್ಯಕ್ಟರ್ ಆದ್ರೂ ಕಣ್ಣು ಸತ್ತ ಹಾಗಿರುತ್ತೆ.

ಎಲ್ಲ ಆದ್ಮೇಲೆ ಬಿಜಿಎಂ ತೆಗೆದು, ಸೌಂಡ್ ಪೂರ್ತಿ ಮ್ಯೂಟ್ ಮಾಡಿ, ಕಥೆ ಗೊತ್ತಿಲ್ಲದ ಯಾರಿಗಾದ್ರೂ ಆ ಎರಡು ನಿಮಿಷ ತೋರಿಸಿ. ನೀವು ಸ್ಕ್ರೀನ್ ನೋಡ್ಬೇಡಿ, ಅವರ ಮುಖ ನೋಡಿ. ಅವರು ಸ್ವಲ್ಪ ಮುಂದೆ ಬಗ್ಗಿ ಫ್ರೇಮಿನ ಮೂಲೆಯಲ್ಲಿ ಏನನ್ನೋ ಹುಡುಕ್ತಿದಾರೆ ಅಂದ್ರೆ ಆಗ ಮ್ಯೂಸಿಕ್ ಹಾಕಿ.